ಮನೆಯಲ್ಲಿ ಭಾಗವತಿಕೆ ರೆಕಾರ್ಡ್ ಮಾಡಲು ಯಾವ ಮೈಕ್? ಪ್ರಿಆಂಪ್ ಬೇರೆ ಬೇಕಾ?

ಪದ್ಯಪ್ರಿಯ, ಬ್ರಹ್ಮಾವರ

ಬಡಗುತಿಟ್ಟು ಯಕ್ಷಗಾನದ ಪದ್ಯಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಇಡಬೇಕೆಂದಿದೆ. ಸದ್ಯಕ್ಕೆ ಸ್ವರ ಮಾತ್ರ, ಮದ್ದಳೆ ಚೆಂಡೆ ಇಲ್ಲ. ಶ್ರುತಿ ಕಪ್ಪು ಎರಡು (ಹಾರ್ಮೋನಿಯಮ್‌ನ ಎರಡನೇ ಕಪ್ಪು ಮನೆ). ಕೋಣೆ 10ಕ್ಕೆ 12 ಅಡಿ. ಹಂಚಿನ ಮಾಡು, ಕೆಳಗೆ ಮರದ ಮುಚ್ಚಿಗೆ, ನೆಲಕ್ಕೆ ರೆಡ್ ಆಕ್ಸೈಡ್, ಗೋಡೆಗೆ ಸಿಮೆಂಟ್ ಗಾರೆ. ಲ್ಯಾಪ್‌ಟಾಪ್ ಉಂಟು, ಬೇರೆ ಏನೂ ಇಲ್ಲ. ಎಲ್ಲ ಸೇರಿ 30,000 ರೂಪಾಯಿಯ ಒಳಗೆ ಆಗಬೇಕು.

ಕೇಳಿದಲ್ಲೆಲ್ಲ ಒಂದೊಂದು ಉತ್ತರ. ಶೂರ್ ಎಸ್‌ಎಂ7ಬಿ ಮೈಕ್ ತಗೊಂಡು, ಸಿಗ್ನಲ್ ಎತ್ತಲಿಕ್ಕೆ ನಡುವೆ ಬೂಸ್ಟರ್ ಹಾಕಿ ಅಂತ ಒಬ್ರು, ದೊಡ್ಡ ಡಯಾಫ್ರಮ್‌ನ (ಶಬ್ದಕ್ಕೆ ಕಂಪಿಸುವ ತೆಳು ಪೊರೆ) ಕಂಡೆನ್ಸರ್ ಮೈಕೇ ಬೇಕು ಅಂತ ಇನ್ನೊಬ್ರು, ಪ್ರಿಆಂಪ್ (ಮೈಕಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಸಾಧನ) ಬೇರೆ ಇಲ್ಲದಿದ್ರೆ ಯಾವ ಮೈಕ್ ತಂದ್ರೂ ದಂಡ ಅಂತ ಮತ್ತೊಬ್ರು. ಏರು ಪದ್ಯಕ್ಕೆ ಸ್ವರ ಜೋರಾಗಿ ಹೋಗ್ತದೆ, ಕರುಣರಸದ ಪದ್ಯಕ್ಕೆ ತೀರಾ ಇಳೀತದೆ. ಎರಡಕ್ಕೂ ಒಂದೇ ಮೈಕ್ ಆದೀತಾ? ಮಳೆಗಾಲದ ನಾಲ್ಕು ತಿಂಗಳು ಕಂಡೆನ್ಸರ್ ಉಳೀತದಾ?

ತಂತಿವಾದಿ, ಮಂಗಳೂರು

ಪ್ರಿಆಂಪ್ ವಿಷಯ ಮೊದಲು ಮುಗಿಸುವ, ಯಾಕೆಂದ್ರೆ ದುಡ್ಡು ಹಾಳಾಗುದು ಅಲ್ಲೇ. ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸಲು ನೀವು ಕೊಳ್ಳುವ ಆಡಿಯೋ ಇಂಟರ್‌ಫೇಸ್‌ನ ಒಳಗೇ ಪ್ರಿಆಂಪ್ ಉಂಟು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ 4ನೇ ಪೀಳಿಗೆಯದ್ದು 57 ಡಿಬಿ (ಡೆಸಿಬೆಲ್) ಗೇನ್, ಅಂದ್ರೆ ಸಿಗ್ನಲ್ ಎತ್ತುವ ಶಕ್ತಿ, ಕೊಡ್ತದೆ, ಆಡಿಯೆಂಟ್ ಇವೊ 4 ಕೊಡುದು 58. ಇವುಗಳ ಸ್ವಂತ ಗದ್ದಲ, ಒಳಬರುವ ಕಡೆಯಲ್ಲಿ ಲೆಕ್ಕ ಹಾಕಿದರೆ, ಮೈನಸ್ 127–128 ಡಿಬಿಯು (dBu, ಸಿಗ್ನಲ್ ಮಟ್ಟದ ಅಳತೆ) ಆಸುಪಾಸು. 150 ಓಮ್‌ನ ಬರೀ ರೆಸಿಸ್ಟರ್ ಇಟ್ಟರೂ ಉಷ್ಣದಿಂದಲೇ ಮೈನಸ್ 131ರಷ್ಟು ಗದ್ದಲ ಬರ್ತದೆ. ಅದಕ್ಕಿಂತ ಕೆಳಗೆ ಯಾವ ಪ್ರಿಆಂಪೂ ಇಳಿಯುದಿಲ್ಲ. ಹಾಗಾಗಿ ಎಷ್ಟು ಸುರಿದ್ರೂ ನಿಮಗೆ ಸಿಗುದು ಮೂರ್ನಾಲ್ಕು ಡಿಬಿ. ಕೋಣೆಯ ಫ್ಯಾನ್ ಆಫ್ ಮಾಡಿದ್ರೆ ಅದಕ್ಕಿಂತ ಹೆಚ್ಚು ಸಿಗ್ತದೆ.

ಬೂಸ್ಟರ್ ಮಾತು ಬಂದದ್ದು ಎಸ್‌ಎಂ7ಬಿಯಿಂದ. 94 ಡಿಬಿ ಶಬ್ದಕ್ಕೆ ಅದು ಕೊಡುದು 1.12 ಮಿಲಿವೋಲ್ಟ್. ಅದೇ ಶಬ್ದಕ್ಕೆ ಶೂರ್‌ನದ್ದೇ ಡೈನಮಿಕ್ ಮೈಕ್ ಎಸ್‌ಎಂ58 ಸುಮಾರು 1.85, ಆಡಿಯೋ-ಟೆಕ್ನಿಕಾ ಎಟಿ2035 ಕಂಡೆನ್ಸರ್ 22.4 ಮಿಲಿವೋಲ್ಟ್. ಮೆಲ್ಲಗೆ ಮಾತಾಡುವವರು ಎಸ್‌ಎಂ7ಬಿಗೆ 60 ಡಿಬಿ ಗೇನ್ ಹಾಕ್ಲೇಬೇಕು. ಏರು ಪದ್ಯಕ್ಕೆ ಆ ಕಷ್ಟ ಇಲ್ಲ, ಎಸ್‌ಎಂ58ಗೂ 30–35 ಡಿಬಿ ಧಾರಾಳ ಸಾಕು. ನಿಮ್ಮ ಮಿತಿಯಲ್ಲಿ ಎಸ್‌ಎಂ7ಬಿ ಬರುದೂ ಇಲ್ಲ, ಬೇಕಾಗಿಯೂ ಇಲ್ಲ.

ನನ್ನ ಆಯ್ಕೆ ಎಟಿ2035 ಮತ್ತು ಒಂದು ಮೈಕ್ ಇನ್‌ಪುಟ್‌ನ ಇಂಟರ್‌ಫೇಸ್. ಆ ಮೈಕಿನ ಸ್ವಂತ ಗದ್ದಲ 12 ಡಿಬಿ, ಅದರಲ್ಲಿ 80 ಹರ್ಟ್ಸ್ ಲೋ ಕಟ್ (ಅದಕ್ಕಿಂತ ಕೆಳಗಿನ ಶಬ್ದ ತಗ್ಗಿಸುವ ಸ್ವಿಚ್) ಮತ್ತು 10 ಡಿಬಿ ಪ್ಯಾಡ್ (ಇಡೀ ಸಿಗ್ನಲ್ ತಗ್ಗಿಸುವ ಸ್ವಿಚ್) ಎರಡೂ ಉಂಟು. ಲೋ ಕಟ್ ಯಾವಾಗಲೂ ಹಾಕಿಯೇ ಇಡಿ. ಕಪ್ಪು ಎರಡರ ಷಡ್ಜ ಗಂಡು ಸ್ವರದಲ್ಲಿ ಸುಮಾರು 155 ಹರ್ಟ್ಸ್, ಮಂದ್ರ ಪಂಚಮಕ್ಕೆ ಇಳಿದ್ರೂ 116. ಸ್ವರದ ಏನೂ ಕಡಿದು ಹೋಗುದಿಲ್ಲ, ರಸ್ತೆಯ ಬಸ್ಸಿನ ಗುಡುಗುಡು ಮಾತ್ರ ಹೋಗ್ತದೆ.

ಮುಚ್ಚಿಗೆ, ಉಡುಪಿ

ಮೈಕಿಗಿಂತ ಮೊದಲು ಕೋಣೆ ನೋಡಿ ಮಾರಾಯ್ರೇ. ರೆಡ್ ಆಕ್ಸೈಡ್ ನೆಲ, ಗಾರೆ ಗೋಡೆ ಅಂದ್ರೆ ಸ್ವರ ಕನ್ನಡಿಗೆ ಬಿದ್ದ ಬೆಳಕಿನ ಹಾಗೆ ವಾಪಸ್ ಬರ್ತದೆ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಟ್ರ್ರ್ ಅಂತ ಎಳೆ ಕೇಳಿದರೆ ಎರಡು ಎದುರು ಗೋಡೆಗಳು ಚೆಂಡಾಡ್ತಾ ಉಂಟು ಅಂತ ಲೆಕ್ಕ. ಆ ಗುಂಯ್ ರೆಕಾರ್ಡಿಂಗ್‌ನಲ್ಲಿ ಒಮ್ಮೆ ಕೂತರೆ ಮತ್ತೆ ತೆಗೀಲಿಕ್ಕೆ ಆಗುದಿಲ್ಲ.

ಹೆಚ್ಚಿನವರು ತಪ್ಪುವುದು ಇಲ್ಲಿ: ಮೈಕಿನ ಹಿಂದಿನ ಗೋಡೆಗೆ ಸ್ಪಂಜು ಅಂಟಿಸ್ತಾರೆ. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಕಡೆಯ ಶಬ್ದವನ್ನು ಹೇಗೂ ಹೆಚ್ಚು ಹಿಡಿಯುದಿಲ್ಲ. ಅದು ನೋಡುದು ನಿಮ್ಮ ಮುಖವನ್ನು, ನಿಮ್ಮ ಮುಖದ ಹಿಂದಿನ ಗೋಡೆಯನ್ನು. ಹಾಗಾಗಿ ಹತ್ತಿಯ ಹಾಸಿಗೆ ನಿಲ್ಲಿಸಬೇಕಾದ್ದು *ನಿಮ್ಮ* ಬೆನ್ನಿಗೆ. ನಾಲ್ಕು ಇಂಚು ದಪ್ಪದ ಎರಡು ಹಾಸಿಗೆಯನ್ನು ಗೋಡೆಯಿಂದ ನಾಲ್ಕು ಇಂಚು ಬಿಟ್ಟು ವಿ ಆಕಾರದಲ್ಲಿ ನಿಲ್ಲಿಸಿ, ಅದಕ್ಕೆ ಬೆನ್ನು ಕೊಟ್ಟು ಹಾಡಿ. ಆ ಎಡೆಯ ಗಾಳಿಯೂ ಕೆಲಸಕ್ಕೆ ಬರ್ತದೆ, ಹಾಸಿಗೆ ಇನ್ನೂ ಕೆಳಗಿನ ಸ್ವರಗಳನ್ನು ಹೀರ್ತದೆ. ತೆಳು ಸ್ಪಂಜು ಹೀರುದು ಬರೀ ಮೇಲಿನ ಸ್ವರ. ಕೇಳುವಾಗ ಕೋಣೆ ಮಂಕಾಗ್ತದೆಯೇ ಹೊರತು ಗುಂಯ್ ಹೋಗುದಿಲ್ಲ. ನೆಲಕ್ಕೆ ಜಮಖಾನ ಹಾಸಿ. ಕೋಣೆಯ ನಟ್ಟನಡುವೆ ಬೇಡ, ಮೂಲೆಗೆ ಒತ್ತಿ ನಿಲ್ಲುದೂ ಬೇಡ.

ಇನ್ನು ಗಾಳಿ. ಅಂಗೈಯನ್ನು ಬಾಯಿಯ ಎದುರು ನಾಲ್ಕು ಇಂಚು ದೂರ ಹಿಡಿದು "ಭಳಿರೇ" ಅನ್ನಿ. ಉಸಿರು ತಾಗುದು ಅಂಗೈಯ ಕೆಳಭಾಗಕ್ಕೆ, ಬೆರಳ ತುದಿಯಲ್ಲಿ ಏನೂ ಗೊತ್ತಾಗುದಿಲ್ಲ. ಅಂದ್ರೆ ಮಹಾಪ್ರಾಣದ ಗಾಳಿ ನೇರಕ್ಕೆ, ಸ್ವಲ್ಪ ಕೆಳಕ್ಕೆ ಹೋಗ್ತದೆ. ಮೈಕನ್ನು ಮೂಗಿನ ಮಟ್ಟಕ್ಕೆ ಏರಿಸಿ ಬಾಯಿಯ ಕಡೆ ಬಗ್ಗಿಸಿದರೆ ಆ ಗಾಳಿ ಅಡಿಯಿಂದ ಹಾದು ಹೋಗ್ತದೆ, ಸ್ವರ ಮಾತ್ರ ಸಿಗ್ತದೆ. ಅದರ ಮೇಲೆ ಉಸಿರ ಗಾಳಿ ತಡೆಯುವ ಪಾಪ್ ಫಿಲ್ಟರ್, ಮೈಕಿನಿಂದ ನಾಲ್ಕು ಬೆರಳು ಮುಂದೆ. ನಮ್ಮ ಪದ್ಯಗಳಲ್ಲಿ ಭ, ಧ, ಫ ಎಷ್ಟು ಬರ್ತದೆ ನೋಡಿ. ಈ ಒಂದು ಕೆಲಸಕ್ಕೆ ಅರ್ಧ ಗಂಟೆ ಕೊಟ್ಟರೆ ನಷ್ಟ ಇಲ್ಲ.

ಕಂಡೆನ್ಸರ್ ಆದ್ರೆ ದೂರ 10 ಇಂಚು. ದೂರ ಇಮ್ಮಡಿ ಆದ್ರೆ ಸ್ವರ 6 ಡಿಬಿ ಇಳೀತದೆ, ಕೋಣೆಯ ಗುಂಯ್ ಇದ್ದಲ್ಲೇ ಇರ್ತದೆ. ಹಾಗಾಗಿ ತಾರಸ್ಥಾಯಿಯಲ್ಲಿ ಒಂದು ಹೆಜ್ಜೆ ಹಿಂದೆ ಹೋಗುವ ಅಭ್ಯಾಸ ಮನೆಯಲ್ಲಿ ಬೇಡ, ಮುಖವನ್ನು ಸ್ವಲ್ಪ ಓರೆ ಮಾಡಿದರೆ ಸಾಕು.

ಕಡಲತಡಿ, ಮಲ್ಪೆ

ತಂತಿವಾದಿಯವರ ಲೆಕ್ಕ ಸರಿ, ಆಯ್ಕೆಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. 12 ಡಿಬಿ ಗದ್ದಲದ ಮೈಕ್ ತಂದು ಬ್ರಹ್ಮಾವರದ ಹಂಚಿನ ಮನೆಯಲ್ಲಿ ಇಟ್ಟರೆ ಅದು ಹಿಡಿಯುದು ಗದ್ದೆಯ ಕಪ್ಪೆಯನ್ನು, ಪಕ್ಕದ ಕೋಣೆಯ ಫ್ರಿಡ್ಜನ್ನು. ಇಷ್ಟು ಜೋರು ಸ್ವರಕ್ಕೆ, ಇಂಥ ಕೋಣೆಗೆ ಎಸ್‌ಎಂ58 ಮೈಕೇ ಸರಿ. ನಾಲ್ಕು ಇಂಚಿನಲ್ಲಿ ಹಾಡಿ. ಬಾಯಿ ಹತ್ತಿರ ಇದ್ದಷ್ಟೂ ಸ್ವರದ ಎದುರು ಕೋಣೆ ಹಿಂದೆ ಸರೀತದೆ. ಹತ್ತಿರ ಬಂದಾಗ ಮಂದ್ರ ಉಬ್ಬುತ್ತದೆ, ಅದನ್ನು ಆಮೇಲೆ ಈಕ್ಯೂನಲ್ಲಿ (ಮೇಲಿನ, ಕೆಳಗಿನ ಸ್ವರಗಳನ್ನು ಬೇರೆ ಬೇರೆ ಏರಿಳಿಸುವ ಸಾಧನ) 200 ಹರ್ಟ್ಸ್ ಸುತ್ತ ಎರಡು ಮೂರು ಡಿಬಿ ತಗ್ಗಿಸಿದರೆ ಆಯ್ತು. ಆ ಮೈಕ್ 4–6 ಕಿಲೋಹರ್ಟ್ಸ್ ನಡುವೆ ಸ್ವಲ್ಪ ಎತ್ತಿ ಕೊಡ್ತದೆ, ಏರು ಸ್ವರ ಚುಚ್ಚಿದ ಹಾಗೆ ಕೇಳಿದರೆ ಮೈಕನ್ನು 20–30 ಡಿಗ್ರಿ ಓರೆ ಮಾಡಿ.

ಮಳೆಗಾಲದ ಪ್ರಶ್ನೆ. ಕಂಡೆನ್ಸರ್‌ನ ಕ್ಯಾಪ್ಸೂಲ್ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಂಡು ಕೆಲಸ ಮಾಡುದು. ಅದರ ಸುತ್ತಲಿನ ರೋಧ ಗಿಗಾಓಮ್‌ಗಳಲ್ಲಿ ಇರ್ತದೆ. ತೇವದ ಒಂದು ತೆಳು ಪದರ ಕೂತರೂ ಸಾಕು, ಆವೇಶ ಸೋರಿ ಚಿಟಚಿಟ, ಪಟ್ ಅಂತ ಶಬ್ದ ಶುರುವಾಗ್ತದೆ. ಒಣಗಿಸಿದರೆ ಹೆಚ್ಚಾಗಿ ಸರಿಯಾಗ್ತದೆ. ಆದ್ರೆ ಧೂಳು, ಉಪ್ಪು ಡಯಾಫ್ರಮ್ ಮೇಲೆ ಕೂತದ್ದು ಒಣಗಿಸಿದರೂ ಹೋಗುದಿಲ್ಲ, ಮರುದಿನ ಮತ್ತೆ ತೇವ ಎಳೀತದೆ. ಡೈನಮಿಕ್‌ನಲ್ಲಿ ಇರುದು ಅಯಸ್ಕಾಂತ, ಸುರುಳಿ ಅಷ್ಟೇ, ಈ ರಗಳೆ ಇಲ್ಲ. ಹಂಚಿನ ಮೇಲೆ ಮಳೆ ಬಿದ್ದಾಗ ಮಾತ್ರ ಯಾವ ಮೈಕಿನಿಂದಲೂ ಆಗುದಿಲ್ಲ, ಮಳೆ ಬಿಡುವವರೆಗೆ ಕಾಯುದೇ.

ತಂತಿವಾದಿ, ಮಂಗಳೂರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈನಮಿಕ್ ಅನ್ನುದನ್ನು ಒಪ್ತೇನೆ. ಆದ್ರೆ ಕರುಣರಸದ ಪದ್ಯದಲ್ಲಿ ಸ್ವರದ ಕೊನೆಯ ನಡುಕ, ಉಸಿರಿನ ಎಳೆ ಎಲ್ಲ ಕಂಡೆನ್ಸರ್‌ನಲ್ಲಿ ಬರುವ ಹಾಗೆ 58ರಲ್ಲಿ ಬರುದಿಲ್ಲ. ಯಾವುದು ಕೊಂಡ್ರೂ ಈ ಕೆಳಗಿನದು ಅಗತ್ಯ.

ಕೇಬಲ್ ಎರಡೂ ತುದಿ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಪ್ಲಗ್) ಇರುವುದನ್ನೇ ಕೇಳಿ ತಗೊಳ್ಳಿ. ಅಂಗಡಿಯಲ್ಲಿ ಮೈಕ್ ಕೇಬಲ್ ಅಂದ್ರೆ ಒಂದು ತುದಿ ಎಕ್ಸ್‌ಎಲ್‌ಆರ್, ಇನ್ನೊಂದು ತುದಿ ಕಾಲಿಂಚಿನ ಮೋನೋ ಜ್ಯಾಕ್ ಇರುವುದನ್ನೂ ಕೊಡ್ತಾರೆ. ಅದರಲ್ಲಿ ಕಂಡೆನ್ಸರ್‌ಗೆ ಬೇಕಾದ 48 ವೋಲ್ಟ್ ಕರೆಂಟು, ಅಂದ್ರೆ ಫ್ಯಾಂಟಮ್, ಹೋಗುದಿಲ್ಲ, ಕಂಡೆನ್ಸರ್ ಸತ್ತ ಹಾಗೆ ಕೂತಿರ್ತದೆ. 58 ಹಾಕಿದ್ರೂ ಗೇನ್ ಕಡಿಮೆ, ಮೇಲೆ 50 ಹರ್ಟ್ಸ್ ಹಮ್. ಹಮ್ ಸರಿ ಕೇಬಲ್‌ನಲ್ಲೂ ಬಂದ್ರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ತಪ್ಪು ಅರ್ಥಿಂಗ್‌ನದ್ದು, ಮೈಕಿನದ್ದಲ್ಲ. ಕರೆಂಟು ಹೋಗಿ ಇನ್ವರ್ಟರ್ ಓಡುವಾಗ ಬರುವ ಗರಗರವೂ ಇದೇ ದಾರಿಯಲ್ಲಿ ಬರುದು. ಆಗ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ.

ಗೇನ್ ಇಡುವಾಗ ಮೊದಲು ಅತಿ ಜೋರಿನ ಏರು ಪದ್ಯ ಹಾಡಿ, ಮೀಟರ್‌ನ ತುದಿ ಮೈನಸ್ 10ರ ಹತ್ತಿರ ನಿಲ್ಲಿಸಿ, ಮತ್ತೆ ಮುಟ್ಟಬೇಡಿ. 24 ಬಿಟ್‌ನಲ್ಲಿ ತಗ್ಗಿದ ಪದ್ಯ ಮೈನಸ್ 35ಕ್ಕೆ ಇಳಿದರೂ ಆಮೇಲೆ ಎತ್ತಲಿಕ್ಕೆ ತೊಂದರೆ ಇಲ್ಲ. ತುದಿ ಕಡಿದು ಹೋದದ್ದನ್ನು ಮಾತ್ರ ಯಾವ ಸಾಫ್ಟ್‌ವೇರೂ ಸರಿಯಾಗಿ ಜೋಡಿಸುದಿಲ್ಲ. ಶ್ರುತಿಯನ್ನು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್‌ನಲ್ಲೇ ಕೇಳಿ, ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಒತ್ತಿ, ಸ್ವರ ಲ್ಯಾಪ್‌ಟಾಪ್ ಸುತ್ತದೆ ನೇರ ಕಿವಿಗೆ ಬರ್ತದೆ. ಇಲ್ಲದಿದ್ರೆ ಸ್ವಂತ ಸ್ವರ ತಡವಾಗಿ ಕೇಳಿ ತಾಳ ಜಾರ್ತದೆ.

ಪದ್ಯಪ್ರಿಯ, ಬ್ರಹ್ಮಾವರ

ಎಲ್ಲರಿಗೂ ಉಪಕಾರ ಆಯ್ತು. ಈಗ 58, ಇಂಟರ್‌ಫೇಸ್, ಸ್ಟ್ಯಾಂಡ್ ತಗೊಳ್ತೇನೆ. ನವೆಂಬರ್‌ಗೆ ಕಂಡೆನ್ಸರ್ ಸೇರಿಸುವ ಆಲೋಚನೆ. ಎರಡು ಸಂಶಯ: ಫ್ಯಾಂಟಮ್ ಒತ್ತಿ ಹೋದ್ರೆ 58 ಹಾಳಾಗ್ತದಾ? ಮತ್ತೆ ಕಂಡೆನ್ಸರ್ ಬಂದ ಮೇಲೆ ಅದನ್ನು ಇಡುದು ಹೇಗೆ?

ಕಡಲತಡಿ, ಮಲ್ಪೆ

58ಕ್ಕೆ ಏನೂ ಆಗುದಿಲ್ಲ. 2 ಮತ್ತು 3ನೇ ಪಿನ್‌ಗಳಲ್ಲಿ ಒಂದೇ ವೋಲ್ಟೇಜ್ ಇರುದರಿಂದ ಸುರುಳಿಯಲ್ಲಿ ಕರೆಂಟು ಹರಿಯುದಿಲ್ಲ. ಕಂಡೆನ್ಸರ್‌ಗೆ ಕೇಬಲ್ ಸಿಕ್ಕಿಸಿದ ಮೇಲೆಯೇ 48 ವೋಲ್ಟ್ ಒತ್ತಿ. ಆಫ್ ಮಾಡಿ ಹತ್ತು ಸೆಕೆಂಡ್ ಬಿಟ್ಟು ಕಿತ್ತುಕೊಳ್ಳಿ.

ಇಡಲಿಕ್ಕೆ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ 100 ಗ್ರಾಂ ಬಣ್ಣ ಬದಲಾಗುವ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್. ಮುಳ್ಳು ಶೇಕಡಾ 40–50 ನಡುವೆ ಇರಲಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತೇವ ತುಂಬಿತು ಅಂತ, ಓವನ್‌ನಲ್ಲಿ 110–120 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿ, ಪೂರ್ತಿ ತಣಿದ ಮೇಲೆ ವಾಪಸ್ ಹಾಕಿ. ಹಾಡಿದ ಕೂಡಲೇ ಮೈಕನ್ನು ಡಬ್ಬಿಗೆ ಹಾಕಬೇಡಿ. ಬಾಯಿಯ ಹಬೆ ಜಾಲರಿಯ ಒಳಗೆ ಉಳಿದಿರ್ತದೆ, ಫ್ಯಾನ್ ಅಡಿಯಲ್ಲಿ ಅರ್ಧ ಗಂಟೆ ಇರಲಿ. ಎಸಿ ಕೋಣೆಯಿಂದ ಹೊರಗೆ ಒಯ್ಯುವಾಗ ಡಬ್ಬಿ ಮುಚ್ಚಿಯೇ ತನ್ನಿ, ಮುಟ್ಟಿದರೆ ತಂಪು ಗೊತ್ತಾಗದಷ್ಟು ಹೊತ್ತು ಕಳೆದ ಮೇಲೆ ತೆರೆಯಿರಿ.