ಹಳೆ ವಿ-8 ಇಂಜಿನ್: ಒಂದೇ ಟ್ಯಾಪೆಟ್ ಟಕಟಕ

ಪ್ರಶ್ನೆ (ಓಹಾಯೋದಿಂದ): ನನ್ನ 1949ರ ಕಾರು ಚಳಿಗಾಲವಿಡೀ ಶೆಡ್ಡಿನಲ್ಲಿತ್ತು. ಈಗ ಸ್ಟಾರ್ಟ್ ಮಾಡಿದರೆ ಹೊಲಿಗೆ ಮಿಷನ್ ಥರ ಸದ್ದು. ಬಿಸಿಯಾದರೂ ಎಡಗಡೆ ಒಂದು ಟ್ಯಾಪೆಟ್ (ವಾಲ್ವ್ ತಳ್ಳುವ ಬಿಡಿಭಾಗ; ಇದು ಒಳಗೆ ಆಯಿಲ್ ತುಂಬಿಕೊಂಡು ಸಂದು ಮುಚ್ಚುವ ಹೈಡ್ರಾಲಿಕ್ ಥರದ್ದು) ಬಾಯಿ ಮುಚ್ಚುವುದಿಲ್ಲ. ಮೆಕ್ಯಾನಿಕ್ ಹದಿನಾರನ್ನೂ ಬದಲಾಯಿಸಿ ಅನ್ನುತ್ತಾನೆ. ಬೇಕಾ?

ಉತ್ತರ: ಸುಮ್ನೆ ದುಡ್ಡು ಸುರಿಯಬೇಡಿ ಸರ್. ಮೊದಲು ಆಯಿಲ್ ಮಟ್ಟ ನೋಡಿ. ಕಮ್ಮಿಯಾದರೂ, ಜಾಸ್ತಿಯಾದರೂ ಗಾಳಿ ಸೇರಿ ಸದ್ದು ಬರುತ್ತದೆ. ಒಂದೇ ಟ್ಯಾಪೆಟ್ ಅಂದರೆ ಅದರೊಳಗೆ ಆಯಿಲ್ ವಾಪಸ್ ಹೋಗದಂತೆ ತಡೆಯುವ ಪುಟ್ಟ ಗೋಲಿಯ ಕೆಳಗೆ ಕಸ ಸಿಕ್ಕಿರಬಹುದು. ನನ್ನದನ್ನು ಬಿಚ್ಚಿದಾಗ ಬೆಲ್ಲದ ಪಾಕದಂಥ ಜಿಡ್ಡು! ಸೀಮೆಎಣ್ಣೆಯಲ್ಲಿ ತೊಳೆದೆ. ಒಂದರ ಪ್ಲಂಜರ್ (ಒಳಗೆ ಜಾರುವ ತುಂಡು) ಇನ್ನೊಂದಕ್ಕೆ ಹಾಕಬೇಡಿ, ಜೋಡಿ ತಪ್ಪಿದರೆ ಕೆಟ್ಟಿತು.

ಇನ್ನೊಬ್ಬರು: 1930ರ ಕ್ಯಾಡಿಲಾಕ್ ವಿ-16ಕ್ಕೆ ಇಂಥ ಹೈಡ್ರಾಲಿಕ್ ವ್ಯವಸ್ಥೆ ಹಾಕಿದ್ದೇ ವಾಲ್ವ್ ಸದ್ದಡಗಿಸಲು. ನಗು ಬರುತ್ತದೆ ಅಲ್ವಾ?

ಕೇಳಿದವರು: ತೊಳೆದೆ. ಗೋಲಿ ಕೆಳಗೆ ಒರೆಸುವ ಬಟ್ಟೆಯ ನೂಲೆಳೆ! ಈಗ ಸ್ಟಾರ್ಟ್ ಮಾಡಿದ ಹತ್ತು ಸೆಕೆಂಡ್ ಅಷ್ಟೇ ಟಕಟಕ.