15 ವರ್ಷ ತುಂಬುತ್ತಿರುವ ಓಮ್ನಿ: ಬ್ರೇಕ್ ಎಡಕ್ಕೆ ಎಳೆಯುತ್ತದೆ, ಎಮಿಷನ್ ಒಂದು ಕಡೆ ಪಾಸ್, ಇನ್ನೊಂದು ಕಡೆ ಫೇಲ್

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮಾರುತಿ ಓಮ್ನಿ 2011ರ ಮಾದರಿಯದು; ಬಿಎಸ್-3 (ಹೊಗೆ ಮಿತಿಯ ಮಾನದಂಡ), ಪೆಟ್ರೋಲ್ ಇಂಜೆಕ್ಷನ್, ಬಿಳಿ ಬೋರ್ಡು. ನೋಂದಣಿಯ 15 ವರ್ಷದ ಅವಧಿ ಮುಗಿಯುತ್ತ ಬಂದಿರುವುದರಿಂದ, ನವೀಕರಣಕ್ಕೆ ಅರ್ಜಿ ಹಾಕುವ ಮುನ್ನ ಗಾಡಿಯನ್ನು ಪೂರ್ತಿ ಸರಿಪಡಿಸಿಕೊಳ್ಳಬೇಕೆಂದಿದ್ದೇನೆ. ಜೋರಾಗಿ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಹ್ಯಾಂಡ್‌ಬ್ರೇಕ್ ಇಳಿಜಾರಿನಲ್ಲಿ ನಿಲ್ಲಿಸುವುದಿಲ್ಲ. ಎಮಿಷನ್ ಒಂದು ಕೇಂದ್ರದಲ್ಲಿ ಪಾಸಾಯಿತು. ಅದೇ ವಾರ ಇನ್ನೊಂದರಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಮೀರಿದೆ ಎಂದರು. ಹೀಗಾದರೆ ಈ ತಪಾಸಣೆಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು, ಮತ್ತು ಮೊದಲು ಯಾವುದಕ್ಕೆ ಕೈ ಹಾಕಬೇಕು ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ (ಹುಮನಾಬಾದ್)

ಸರ್, ಎರಡು ಕಡೆ ಎರಡು ಅಂಕಿ ಬಂದ ಮಾತ್ರಕ್ಕೆ ಯಂತ್ರ ಸುಳ್ಳು ಹೇಳಿತೆಂದು ತೀರ್ಮಾನಿಸಬೇಡಿ. ನಿಮ್ಮ ಗಾಡಿಗೆ, ನಿಂತಲ್ಲೇ ಎಂಜಿನ್ ಓಡುವ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.5 ಮತ್ತು ಹೈಡ್ರೋಕಾರ್ಬನ್ (ಉರಿಯದೆ ಉಳಿದ ಇಂಧನ) 750 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 750, ಮಿತಿ. ಸೈಲೆನ್ಸರ್ ದಾರಿಯಲ್ಲಿದ್ದು ಹೊಗೆಯ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾದ ಮೇಲೆಯೇ ಕೆಲಸ ಮಾಡುವುದರಿಂದ, ಮನೆಯಿಂದ ಎರಡು ಬೀದಿ ದಾಟಿ ಹೋಗಿ ಪರೀಕ್ಷೆ ಮಾಡಿಸಿದ ಗಾಡಿಗೂ, ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿ ತಂದ ಅದೇ ಗಾಡಿಗೂ ಬೇರೆ ಬೇರೆ ಫಲಿತಾಂಶ ಬರುವುದು ಸಹಜ. ಸೈಲೆನ್ಸರ್ ಪೈಪಿನಲ್ಲಿ ತೂತಿದ್ದರೆ ಹೊರಗಿನ ಗಾಳಿ ಬೆರೆತು ಅಂಕಿ ಸುಳ್ಳಾಗಿಯೇ ಇಳಿಯುತ್ತದೆ, ಆ ಪಾಸನ್ನು ಪಾಸೆಂದು ನಾನು ಒಪ್ಪುವುದಿಲ್ಲ. ಆದ್ದರಿಂದ ಮೊದಲು ಪೈಪಿನ ಸೋರಿಕೆ ಮುಚ್ಚಿಸಿ, ಎಂಜಿನ್ ಪೂರ್ತಿ ಕಾಯಿಸಿ, ಎರಡೂ ಕಡೆ ಒಂದೇ ಸ್ಥಿತಿಯಲ್ಲಿ ಮತ್ತೆ ನೋಡಿಸಿ.

ಆಗಲೂ ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ ಎಂದರ್ಥ. ಧೂಳು ಕಟ್ಟಿದ ಏರ್ ಫಿಲ್ಟರ್, ಹಳೆಯದಾದ ಆಕ್ಸಿಜನ್ ಸೆನ್ಸರ್ ಇವೆರಡನ್ನು ಎಲ್ಲರೂ ನೋಡುತ್ತಾರೆ. ನಮ್ಮ ಕಡೆ ಇನ್ನೊಂದು ಕಾರಣವಿದೆ, ಅದನ್ನು ಕೇಳುವವರೇ ಕಡಿಮೆ: ಥರ್ಮೋಸ್ಟಾಟ್, ಅಂದರೆ ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಕವಾಟ. ಬೋರ್‌ವೆಲ್ಲಿನ ಗಡಸು ನೀರು ಹಾಕಿ ಹಾಕಿ ರೇಡಿಯೇಟರಿನಲ್ಲಿ ಸುಣ್ಣ ಕಟ್ಟುತ್ತದೆ, ಬೇಸಿಗೆಯಲ್ಲಿ ಎಂಜಿನ್ ಬಿಸಿಯೇರುತ್ತದೆ, ಆಗ ಯಾರೋ ಮಿಸ್ತ್ರಿ ಥರ್ಮೋಸ್ಟಾಟನ್ನೇ ಕಿತ್ತು ಬದಿಗಿಡುತ್ತಾರೆ. ಅಲ್ಲಿಂದ ಮುಂದೆ, ಮುಖ್ಯವಾಗಿ ಚಳಿಗಾಲದಲ್ಲಿ, ಎಂಜಿನ್ ತಾನು ತಲುಪಬೇಕಾದ ಶಾಖಕ್ಕೆ ಬೇಗ ಬರುವುದೇ ಇಲ್ಲ. ಇನ್ನೂ ತಣ್ಣಗಿದೆ ಎಂದು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ರೇಡಿಯೇಟರ್ ತೊಳೆಸಿ, ಥರ್ಮೋಸ್ಟಾಟ್ ಮರಳಿ ಹಾಕಿಸಿ, ಕೂಲಂಟ್ ತುಂಬಿಸಿ. ಕಾರ್ಬನ್ ಮಾನಾಕ್ಸೈಡ್ ಸರಿಯಿದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಪ್ಲಗ್ ಮತ್ತು ಪ್ಲಗ್ ವೈರ್ ನೋಡಿಸಬೇಕು.

ಬ್ರೇಕ್ ವಿಷಯಕ್ಕೆ ಎಮಿಷನ್‌ಗಿಂತ ಮೊದಲು ಕೈ ಹಾಕಿ. ಎಡಕ್ಕೆ ಎಳೆಯುತ್ತದೆ ಎಂದರೆ ಸಾಮಾನ್ಯವಾಗಿ ಬಲಗಡೆಯ ಹಿಡಿತ ಕಡಿಮೆಯಾಗಿದೆ ಎಂದು ತಿಳಿಯಬೇಕು. ಮೊದಲು ಎರಡೂ ಬದಿಯ ಟೈರಿಗೆ ಸಮನಾಗಿ ಗಾಳಿ ಹಿಡಿಸಿ ನೋಡಿ. ನಂತರ ಮುಂದಿನ ಬಲ ಕ್ಯಾಲಿಪರಿನ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಪಿಸ್ಟನ್ ಮತ್ತು ಪಿನ್ನುಗಳು ಸಲೀಸಾಗಿ ಸರಿದಾಡುತ್ತವೆಯೇ, ರಬ್ಬರ್ ಹೋಸ್ ಒಳಗೆ ಉಬ್ಬಿಕೊಂಡಿದೆಯೇ ಎಂದು ಪರೀಕ್ಷಿಸಿ. ಆಮೇಲೆ ಹಿಂದಿನ ಡ್ರಮ್ ಎರಡೂ ಬಿಚ್ಚಲೇಬೇಕು. ಒಳಗೆ ಒದ್ದೆಯಿದ್ದರೆ ಅದು ವೀಲ್ ಸಿಲಿಂಡರಿನಿಂದ ಸೋರಿದ ಬ್ರೇಕ್ ಆಯಿಲೋ, ಆಕ್ಸಲ್ ಸೀಲ್ ದಾಟಿ ಬಂದ ಗೇರ್ ಆಯಿಲೋ ಎಂಬುದನ್ನು ಗುರುತಿಸಿಕೊಳ್ಳಿ. ಗೇರ್ ಆಯಿಲ್ ದಪ್ಪಗಿರುತ್ತದೆ, ಅದರ ಗಾಟು ವಾಸನೆ ಕೈಯಿಂದ ಬೇಗ ಹೋಗುವುದಿಲ್ಲ. ಗೇರ್ ಆಯಿಲ್ ಆಗಿದ್ದರೆ ಸೀಲ್ ಬದಲಾಯಿಸುವುದರ ಜೊತೆಗೆ ಹಿಂದಿನ ಆಕ್ಸಲ್ ಮೇಲಿರುವ ಉಸಿರಾಟದ ಸಣ್ಣ ರಂಧ್ರವನ್ನೂ ಬಿಡಿಸಿ ತೊಳೆಸಿ. ಎರೆ ಮಣ್ಣು ಒಣಗಿ ಅದನ್ನು ಮುಚ್ಚಿದರೆ, ಕಾದ ಆಕ್ಸಲ್ಲಿನೊಳಗಿನ ಒತ್ತಡ ಹೊಸ ಸೀಲನ್ನೂ ದಾಟಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು (ಡ್ರಮ್ಮಿನ ಒಳಮೈಗೆ ಒತ್ತುವ ಪಟ್ಟಿಗಳು) ಪೆಟ್ರೋಲಿನಲ್ಲಿ ತೊಳೆದು, ಉಜ್ಜುಕಾಗದ ಹಾಕಿ ಮತ್ತೆ ಕೂರಿಸುವುದು ದಯವಿಟ್ಟು ಬೇಡ; ಕಾದಾಗ ಒಳಗಿನ ಎಣ್ಣೆ ಪುನಃ ಮೇಲೆ ಬರುತ್ತದೆ. ಎರಡೂ ಬದಿಯ ಶೂಗಳನ್ನು ಒಟ್ಟಿಗೇ ಬದಲಾಯಿಸಿ.

ಹ್ಯಾಂಡ್‌ಬ್ರೇಕ್ ಕೇಬಲ್ಲನ್ನು ಕೊನೆಯಲ್ಲಿ ಮಾತ್ರ ಬಿಗಿ ಮಾಡಿಸಿ. ಶೂಗಳ ಅಂತರ ಹೊಂದಿಸದೆ ಕೇಬಲ್ ಎಳೆದರೆ ಎರಡು ದಿನ ಹಿಡಿದಂತೆ ಕಂಡು, ಡ್ರಮ್ ಕಾದು, ಮತ್ತೆ ಮೊದಲಿನಂತೆಯೇ ಆಗುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು, ಸರ್. ಬಲಗಡೆಯ ಹಿಂದಿನ ಡ್ರಮ್ಮಿನಲ್ಲಿ ಗೇರ್ ಆಯಿಲ್ ಇತ್ತು. ಆಕ್ಸಲ್ಲಿನ ಆ ರಂಧ್ರವೂ ಮಣ್ಣಿನಿಂದ ಮುಚ್ಚಿಹೋಗಿತ್ತು. ಸೀಲ್ ಮತ್ತು ಶೂ ಹಾಕಿಸಿದ ಮೇಲೆ ಎಳೆತ ನಿಂತಿದೆ. ಗಾಡಿಯ ತಳದ ತುಕ್ಕಿಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆಸಿದರೆ ಸಾಕೇ?

ಉತ್ತರ (ಶಹಾಪುರ)

ಸಾಕಾಗುವುದಿಲ್ಲ, ಅಣ್ಣಾ. ನಮ್ಮ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳ ದಾರಿಯಲ್ಲಿ ಓಡುವ ವ್ಯಾನುಗಳ ತಳದಲ್ಲಿ ಹಸಿ ಮಣ್ಣು ತಿಂಗಳುಗಟ್ಟಲೆ ಅಂಟಿಕೊಂಡಿರುತ್ತದೆ. ತಗಡು ಹೊರಗೆ ಚೆಂದ ಕಾಣುತ್ತಲೇ ಒಳಗಿನಿಂದ ತಿಂದುಹೋಗಿರುತ್ತದೆ. ಡ್ರೈವರ್ ಕಾಲಡಿಯ ಮ್ಯಾಟ್ ತೆಗೆಸಿ, ಸರಿಯುವ ಬಾಗಿಲಿನ ಕೆಳಪಟ್ಟಿ ಮತ್ತು ಹಿಂದಿನ ಪಟ್ಟಿ ಸ್ಪ್ರಿಂಗ್ ಕೂರುವ ಜಾಗಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿಸಿ. ಎಲ್ಲಿ ಮೊನೆ ಒಳಗಿಳಿಯುತ್ತದೋ ಅಲ್ಲಿ ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡಿಂಗ್ ಮಾಡಿಸಬೇಕು. ಸ್ಪ್ರಿಂಗ್ ಕೂರುವ ಜಾಗವೇ ಮೆತ್ತಗಾಗಿದ್ದರೆ, ತಪಾಸಣೆಯಲ್ಲಿ ಪಾಸಾದರೂ ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ.

ಟೈರಿನ ಹಲ್ಲು 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು. ಹಲ್ಲು ಉಳಿದಿದ್ದರೂ ನಮ್ಮ ಬಿಸಿಲಿಗೆ ಬದಿಗಳು ಬಿರುಕು ಬಿಡುತ್ತವೆ. ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿ, 2318 ಎಂದಿದ್ದರೆ ಅದು 2018ರ 23ನೆಯ ವಾರದ ಟೈರು. ಹೆಡ್‌ಲೈಟ್ ಹೊಂದಿಸುವ ಮುನ್ನ ಹಿಂದಿನ ಸಾಮಾನೆಲ್ಲ ಇಳಿಸಿ, ಏಕೆಂದರೆ ಹಿಂಭಾಗ ಕುಗ್ಗಿದ್ದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದ್ದರಿಂದ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ) ನಂಬರ್ ಪ್ಲೇಟ್ ಇನ್ನೂ ಹಾಕಿಸಿರದಿದ್ದರೆ ಅದನ್ನೂ ಮುಗಿಸಿಕೊಳ್ಳಿ.

ನವೀಕರಣದ ಅರ್ಜಿ ನಮೂನೆ 25. ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳ ಒಳಗೆ ಅದನ್ನು ಸಲ್ಲಿಸಬಹುದು. ಮಂಜೂರಾದರೆ ಮತ್ತೆ 5 ವರ್ಷ. ವೆಲ್ಡಿಂಗ್ ಕೆಲಸ ಹಿಡಿದರೆ ದಿನ ಎಳೆಯುತ್ತದೆ, ಹಾಗಾಗಿ ತಳವನ್ನು ಈ ವಾರವೇ ಬಿಚ್ಚಿಸಿ ನೋಡಿ.