ರಾತ್ರಿ ಬಯಲಾಟದ ಫೋಟೋ ಎಲ್ಲಾ ಮಸುಕು, ಮುಖ ಬೆಳ್ಳಗೆ: ಕ್ಯಾಮೆರಾ ಕೆಟ್ಟಿದೆಯಾ, ಸೆಟ್ಟಿಂಗ್ ಸರಿ ಇಲ್ವಾ?

ಕಡಲತಡಿ:
ಎಲ್ಲರಿಗೂ ನಮಸ್ಕಾರ. ಹೊಸದಾಗಿ ಡಿಎಸ್‌ಎಲ್‌ಆರ್ ತಗೊಂಡಿದ್ದೇನೆ. ಜೊತೆಗೆ ಬಂದ 18-55 ಲೆನ್ಸ್ ಒಂದೇ ಇರುವುದು. ಹಗಲಲ್ಲಿ ತೆಗೆದ ಫೋಟೋಗಳು ಚೆನ್ನಾಗಿಯೇ ಬರುತ್ತವೆ. ಆದರೆ ನಮ್ಮೂರ ಗದ್ದೆಯಲ್ಲಿ ನಡೆದ ಯಕ್ಷಗಾನ ಬಯಲಾಟದಲ್ಲಿ ತೆಗೆದದ್ದು ಒಂದೂ ಸರಿ ಬಂದಿಲ್ಲ. ವೇಷಧಾರಿ ಕುಣಿಯುವಾಗ ಕೈ, ಮುಖ, ಕಿರೀಟ ಎಲ್ಲಾ ಎಳೆದ ಹಾಗೆ ಮಸುಕು. ನಿಂತು ಅರ್ಥ (ಮಾತು) ಹೇಳುವಾಗ ತೆಗೆದದ್ದರಲ್ಲಿ ಮಸುಕು ಕಮ್ಮಿ. ಆದರೆ ಮುಖ ಬೆಳ್ಳಗಾಗಿ, ಗಂಟೆಗಟ್ಟಲೆ ಕೂತು ಬರೆದ ಬಣ್ಣಗಾರಿಕೆಯೇ ಕಾಣುವುದಿಲ್ಲ. ನೋಡಿ ಬೇಜಾರಾಯಿತು.

ಇನ್ನೂ ಎರಡು ತೊಂದರೆ ಇವೆ. ಕೆಲವೊಮ್ಮೆ ಬಟನ್ ಒತ್ತಿದರೂ ಕ್ಲಿಕ್ ಆಗುವುದೇ ಇಲ್ಲ. ಕಣ್ಣಿಟ್ಟು ನೋಡುವ ಕಿಂಡಿಯೂ ಮಂಜು ಮಂಜು. ಅಂಗಡಿಯಲ್ಲಿ ಕೇಳಿದರೆ "ಈ ಲೆನ್ಸಿನಲ್ಲಿ ಇಷ್ಟೇ, ದೊಡ್ಡದು ತಗೊಳ್ಳಿ" ಅಂದರು. ಅಷ್ಟು ದುಡ್ಡು ಈಗ ಇಲ್ಲ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ಆ ವರ್ಷದ ಆಟ ಮುಗಿಯುತ್ತದೆ. ಅದರೊಳಗೆ ನಾಲ್ಕು ಒಳ್ಳೆಯ ಫೋಟೋ ತೆಗೆಯಬೇಕು ಅಂತ ಆಸೆ. ದಾರಿ ಹೇಳಿ.

ರಾತ್ರಿಯಾಟ:
ನಮಸ್ಕಾರ. ಲೆನ್ಸ್ ಬದಲಾಯಿಸುವ ಮಾತು ಆಮೇಲೆ ಇರಲಿ. ಮೊದಲು ಮಸುಕು ಯಾವ ಬಗೆಯದು ಅಂತ ತಿಳಿಯಬೇಕು. ಬಗೆ ಗೊತ್ತಾಗದೆ ಸೆಟ್ಟಿಂಗ್ ಬದಲಿಸಿದರೆ ಸುಮ್ನೆ ಸಮಯ ಹಾಳು.

ಒಂದು ಫೋಟೋವನ್ನು ಕ್ಯಾಮೆರಾದಲ್ಲೇ ದೊಡ್ಡದು ಮಾಡಿ ನೋಡಿ. ಹಿಂದಿನ ಪರದೆ, ಚೆಂಡೆಯವರು ಸ್ಪಷ್ಟ ಇದ್ದು, ವೇಷಧಾರಿಯ ಪಾದ ಸ್ಪಷ್ಟ ಇದ್ದು, ಕೈ ಮತ್ತು ಕಿರೀಟ ಮಾತ್ರ ಎಳೆದಂತಿದ್ದರೆ ಅದು ಕುಣಿತದ ವೇಗಕ್ಕೆ ಆದದ್ದು. ಪರದೆ, ಕಂಬ, ದೀಪ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ಹಿಂದಿನ ಪರದೆ ಚೂಪಾಗಿದ್ದು, ಸುಮ್ಮನೆ ನಿಂತ ವೇಷವೂ ಮೆತ್ತಗೆ ಕಾಣುತ್ತಿದ್ದರೆ ಫೋಕಸ್ ತಪ್ಪಿದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಫೋಟೋ ನೋಡುವಾಗ ಇನ್ಫೋ ಬಟನ್ ಒತ್ತಿದರೆ ಶಟರ್, ಅಪರ್ಚರ್, ಐಎಸ್‌ಒ ಅಂಕಿಗಳು ಬರುತ್ತವೆ. ಶಟರ್ ಅಂದರೆ ಬೆಳಕು ಎಷ್ಟು ಹೊತ್ತು ಒಳಗೆ ಬಂತು ಅನ್ನುವುದು. ಅಪರ್ಚರ್ ಅಂದರೆ ಲೆನ್ಸ್ ಎಷ್ಟು ಅಗಲ ತೆರೆದಿತ್ತು ಅನ್ನುವುದು, ಅದರ ಎಫ್ ಅಂಕಿ ಸಣ್ಣದಾದಷ್ಟು ಬೆಳಕು ಜಾಸ್ತಿ. ಐಎಸ್‌ಒ ಅಂದರೆ ಆ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿತು ಅನ್ನುವುದು. ಅವನ್ನು ಬರೆದು ಕಳಿಸಿ. ಕ್ಯಾಮೆರಾ ಯಾವುದು, ಮೇಲಿನ ಡಯಲ್ ಎಲ್ಲಿತ್ತು, ಅದೂ ಬೇಕು.

ಕಡಲತಡಿ:
ಕ್ಯಾನನ್ 1500ಡಿ. ಮೊದಲು ಹಸಿರು ಆಟೋದಲ್ಲಿಟ್ಟಿದ್ದೆ. ಫ್ಲಾಶ್ ತಾನಾಗಿಯೇ ಎದ್ದು ಮಿಂಚಿತು. ಮುಂದೆ ಕೂತ ಹಿರಿಯರೊಬ್ಬರು ಬೇಡ ಮಗಾ ಅಂದರು. ಆಮೇಲೆ ಫ್ಲಾಶ್ ಬೇಡ ಅನ್ನುವ ಗುರುತಿಗೆ ತಿರುಗಿಸಿದೆ. ಹೆಚ್ಚಿನ ಫೋಟೋಗಳಲ್ಲಿ 1/30, ಎಫ್ 5.6, ಐಎಸ್‌ಒ 1600 ಅಂತ ಇದೆ. ಝೂಮ್ ಪೂರ್ತಿ 55ಕ್ಕೆ ಇತ್ತು. ದೊಡ್ಡದು ಮಾಡಿ ನೋಡಿದೆ. ಪರದೆಯೂ ಸ್ಪಷ್ಟ, ಚೆಂಡೆಯವರೂ ಸ್ಪಷ್ಟ. ವೇಷದ ಪಾದವೂ ಪರವಾಗಿಲ್ಲ. ಮೇಲಿನ ಭಾಗ ಮಾತ್ರ ಎಳೆದುಹೋಗಿದೆ.

ರಾತ್ರಿಯಾಟ:
ಹಾಗಾದರೆ ಸಮಾಧಾನ ಮಾಡಿಕೊಳ್ಳಿ. ನಿಮ್ಮ ಕ್ಯಾಮೆರಾಕ್ಕೂ ಲೆನ್ಸಿಗೂ ಏನೂ ಆಗಿಲ್ಲ. 1/30 ಅಂದರೆ ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ ಶಟರ್ ತೆರೆದಿತ್ತು. ದಿಗಿಣ (ಸುತ್ತುತ್ತಾ ಹಾರುವ ಕುಣಿತ) ಹೊಡೆಯುವವರು ಅಷ್ಟರೊಳಗೆ ಎಷ್ಟೋ ದೂರ ಸುತ್ತಿರುತ್ತಾರೆ. ಲೆನ್ಸಿನ ಸ್ಟೆಬಿಲೈಜರ್ ನಿಮ್ಮ ಕೈ ನಡುಕವನ್ನು ತಡೆಯಿತು. ಅದಕ್ಕೇ ಪರದೆ ಸ್ಪಷ್ಟ ಬಂತು. ಕುಣಿಯುವವರನ್ನು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಅದು ಶಟರ್ ವೇಗದಿಂದ ಮಾತ್ರ ಆಗುವ ಕೆಲಸ.

ಎದುರಿಗಿರುವುದು ಕುಣಿತ ಅಂತ ಆ ಆಟೋಗೆ ಗೊತ್ತಿಲ್ಲ. ಗೊತ್ತಿರುವುದು ನಿಮಗೆ. ಆದ್ದರಿಂದ ಶಟರ್ ವೇಗವನ್ನು ನೀವೇ ತೀರ್ಮಾನಿಸಬೇಕು. ಈ ಒಂದನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ.

ಡಯಲನ್ನು ಎಂ ಅಕ್ಷರಕ್ಕೆ ತಿರುಗಿಸಿ. ಹೆದರಬೇಡಿ. ರಂಗಸ್ಥಳದ ಬೆಳಕು ಸಾಮಾನ್ಯವಾಗಿ ರಾತ್ರಿಯಿಡೀ ಒಂದೇ ಥರ ಇರುತ್ತದೆ. ಒಮ್ಮೆ ಸರಿಯಾಗಿ ಹೊಂದಿಸಿದರೆ ಮತ್ತೆ ಮುಟ್ಟುವ ಕೆಲಸ ಕಮ್ಮಿ. ಶಟರ್ 1/250 ಮಾಡಿ. ಅಪರ್ಚರ್ ಬದಲಿಸಲು ಹಿಂದಿನ ಎವಿ ಬಟನ್ ಒತ್ತಿಹಿಡಿದು ಮುಂದಿನ ಚಕ್ರ ತಿರುಗಿಸಿ, ಸಿಗುವ ಅತಿ ಸಣ್ಣ ಅಂಕಿಗೆ ತನ್ನಿ. 55ರ ಝೂಮ್‌ನಲ್ಲಿ ಅದು 5.6. ಐಎಸ್‌ಒ 6400.

ಈಗ ಲೆಕ್ಕ ನೋಡಿ. 1/30ರಿಂದ 1/250ಕ್ಕೆ ಹೋದರೆ ಬೆಳಕು ಎಂಟರಲ್ಲಿ ಒಂದು ಪಾಲಾಗುತ್ತದೆ. ಐಎಸ್‌ಒ 1600ರಿಂದ 6400ಕ್ಕೆ ಏರಿಸಿದರೆ ನಾಲ್ಕು ಪಟ್ಟು ವಾಪಸ್ ಸಿಗುತ್ತದೆ. ಅಂದರೆ ಫೋಟೋ ಮೊದಲಿನ ಅರ್ಧ ಬೆಳಕಿಗೆ ಇಳಿಯುತ್ತದೆ. ನಿಮಗೆ ಬೇಕಾದದ್ದೂ ಅದೇ ಅಲ್ವಾ? ಮುಖ ಬೆಳ್ಳಗಾಗಿದ್ದು ಬೆಳಕು ಜಾಸ್ತಿಯಾಗಿ. ಚೌಕಟ್ಟಿನ ಮುಕ್ಕಾಲು ಭಾಗ ಕತ್ತಲು ಇದ್ದರೆ ಕ್ಯಾಮೆರಾ ಎಲ್ಲವನ್ನೂ ಸರಾಸರಿ ಹಿಡಿದು, ಕತ್ತಲನ್ನು ಬೆಳಗಿಸಲು ಹೋಗಿ ಮುಖವನ್ನು ಸುಟ್ಟುಬಿಡುತ್ತದೆ. ಹಿಂದಿನ ಗದ್ದೆ ಕಪ್ಪಾಗಿಯೇ ಇರಲಿ. ಬಣ್ಣದ ವೇಷಕ್ಕೆ ಆ ಕಪ್ಪೇ ಚೆಂದ.

ಆಟದ ಶುರುವಿಗೆ ಬಾಲಗೋಪಾಲರು ಕುಣಿಯುವ ಹೊತ್ತಿಗೇ ಪರೀಕ್ಷೆ ಮಾಡಿಕೊಳ್ಳಿ. ಇನ್ಫೋ ಒತ್ತಿ ನೋಡುವಾಗ ಬೆಳಕು ಮಿತಿ ಮೀರಿದ ಜಾಗ ಮಿಟುಕುತ್ತದೆ. ಕಿರೀಟದ ಗಾಜು ಒಂದೆರಡು ಕಡೆ ಮಿಟುಕಿದರೆ ಪರವಾಗಿಲ್ಲ. ಕೆನ್ನೆ, ಹಣೆ ಮಿಟುಕಿದರೆ ಐಎಸ್‌ಒ ಇಳಿಸಿ.

6400ರಲ್ಲಿ ಕಾಳು ಕಾಳು ಕಾಣುತ್ತದೆ, ನಿಜ. ಆದರೆ ಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ತೆಗೆಯಬಹುದು. ಎಳೆದುಹೋದ ಮುಖವನ್ನು ಅಷ್ಟು ಸುಲಭಕ್ಕೆ ಸರಿ ಮಾಡಲಾಗದು. ಇದಕ್ಕೇ ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಹಿಡಿದದ್ದನ್ನು ಜೆಪೆಗ್ ಮಾಡದೆ ಹಾಗೇ ಉಳಿಸುವ ಫೈಲಿನಲ್ಲಿ ತೆಗೆಯಿರಿ. ಕಾರ್ಡಿನಲ್ಲಿ ಜಾಗ ಜಾಸ್ತಿ ಹಿಡಿಯುತ್ತದೆ, ಆದರೆ ದೀಪದ ಹಳದಿಯನ್ನು ಮನೆಗೆ ಬಂದು ನಿಧಾನಕ್ಕೆ ಸರಿಪಡಿಸಬಹುದು. ಕ್ಯಾನನ್‌ನವರದೇ ಡಿಜಿಟಲ್ ಫೋಟೋ ಪ್ರೊಫೆಷನಲ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಸಾಧ್ಯವಾದರೆ ಮುಂದೆ ಹೋಗಿ ಕೂತು ಝೂಮ್ ಕಮ್ಮಿ ಮಾಡಿ. ಇದೇ ಲೆನ್ಸ್ 18ರಲ್ಲಿ ಎಫ್ 3.5ಕ್ಕೆ ತೆರೆದುಕೊಳ್ಳುತ್ತದೆ. ಅಂದರೆ 5.6ಕ್ಕಿಂತ ಎರಡೂವರೆ ಪಟ್ಟು ಬೆಳಕು, ಒಂದು ಪೈಸೆ ಖರ್ಚಿಲ್ಲದೆ.

ಕ್ಲಿಕ್ ಆಗದ ವಿಷಯ. ಒನ್ ಶಾಟ್ ಅನ್ನುವ ಫೋಕಸ್ ಕ್ರಮದಲ್ಲಿ ಫೋಕಸ್ ಹಿಡಿಯದೆ ಕ್ಯಾಮೆರಾ ಕ್ಲಿಕ್ ಮಾಡುವುದಿಲ್ಲ. ಕತ್ತಲಲ್ಲಿ ಅದು ತಡಕಾಡುತ್ತಿರುತ್ತದೆ. ಇದರಲ್ಲಿರುವ ಒಂಬತ್ತು ಫೋಕಸ್ ಬಿಂದುಗಳಲ್ಲಿ ನಡುವಿನದೇ ಗಟ್ಟಿ. ಅದೊಂದನ್ನೇ ಆರಿಸಿ. ಕುಣಿತಕ್ಕೆ ಎಐ ಸರ್ವೊ ಇಡಿ. ಬಟನ್ ಅರ್ಧ ಒತ್ತಿಹಿಡಿದಷ್ಟು ಹೊತ್ತೂ ಅದು ವೇಷವನ್ನು ಹಿಂಬಾಲಿಸುತ್ತದೆ. ಬಿಂದುವನ್ನು ಕಪ್ಪು ಬಟ್ಟೆಯ ಮೇಲೆ ಇಡಬೇಡಿ. ಎದೆಯ ಆಭರಣ, ಹಣೆಯ ನಾಮ, ಹೀಗೆ ಬಣ್ಣ ಬದಲಾಗುವ ಅಂಚು ಹುಡುಕಿ. ಹಾಂ, ಇದೆಲ್ಲಾ ಕಿಂಡಿಯಲ್ಲಿ ನೋಡುವಾಗಿನ ಮಾತು. ಕ್ಯಾಮೆರಾದ ಹಿಂಬದಿಯ ಸ್ಕ್ರೀನ್ ನೋಡಿಕೊಂಡು ತೆಗೆದರೆ ಈ ಕ್ಯಾಮೆರಾದಲ್ಲಿ ಫೋಕಸ್ ತುಂಬಾ ನಿಧಾನ.

ಕಿಂಡಿಯ ಪಕ್ಕ ಒಂದು ಪುಟ್ಟ ಉರುಟು ಗುಂಡಿ ಇದೆ. ಒಳಗೆ ಕಾಣುವ ಒಂಬತ್ತು ಬಿಂದುಗಳು ಚೂಪಾಗುವ ತನಕ ಅದನ್ನು ತಿರುಗಿಸಿ. ನೋಡುವವರ ಕಣ್ಣಿನ ಪವರಿಗೆ ಹೊಂದಿಸಲು ಇರುವುದು ಅದು. ಮಂಜು ಹೋಗುತ್ತದೆ.

ಮಲ್ನಾಡಿಗ:
ಹೊಸಬರಿಗೆ ಒಮ್ಮೆಲೇ ಎಂ ಮೋಡ್ ಕಷ್ಟ ಆಗಬಹುದು ರಾತ್ರಿಯಾಟ ಅವರೇ. ಡಯಲಿನಲ್ಲಿ ಓಡುವ ಮನುಷ್ಯನ ಚಿತ್ರ ಇದೆಯಲ್ಲ, ಆ ಸ್ಪೋರ್ಟ್ಸ್ ಮೋಡ್ ಸಾಕಲ್ವಾ? ಫ್ಲಾಶೂ ಬರುವುದಿಲ್ಲ, ವೇಗವನ್ನೂ ಅದೇ ಏರಿಸುತ್ತದೆ.

ಕಡಲತಡಿ ಅವರಿಗೆ ಇನ್ನೊಂದು ಮಾತು. ಪತ್ತನಾಜೆ ಕಳೆದ ಮೇಲೆ ಮಳೆಗಾಲ. ಕ್ಯಾಮೆರಾವನ್ನು ಚೀಲದಲ್ಲೇ ಮುಚ್ಚಿಟ್ಟರೆ ಲೆನ್ಸಿನ ಒಳಗೆ ಫಂಗಸ್ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಒಳಗೆ ತೇವ ಶೇಕಡಾ 40ರಿಂದ 50 ಇದ್ದರೆ ಒಳ್ಳೆಯದು. ಅಳೆಯುವ ಪುಟ್ಟ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ.

ರಾತ್ರಿಯಾಟ:
ಫಂಗಸ್ ವಿಷಯ ಹೇಳಿದ್ದು ಒಳ್ಳೆಯದಾಯಿತು. ಸ್ಪೋರ್ಟ್ಸ್ ಮೋಡ್ ಹಗಲಿನ ಕ್ರಿಕೆಟ್ಟಿಗೆ ಸರಿ. ಬಯಲಾಟಕ್ಕೆ ನಾನು ಒಪ್ಪುವುದಿಲ್ಲ. ಆ ಮೋಡಿನಲ್ಲಿ ಐಎಸ್‌ಒ, ಬೆಳಕು ಎರಡೂ ನಮ್ಮ ಕೈಯಲ್ಲಿಲ್ಲ. ಕತ್ತಲು ಕಂಡ ತಕ್ಷಣ ವೇಗ ಮತ್ತೆ ಇಳಿಯುತ್ತದೆ, ಮುಖವೂ ಮತ್ತೆ ಬೆಳ್ಳಗಾಗುತ್ತದೆ. ಎಂ ಮೋಡಿನಲ್ಲಿ ಇರುವುದು ಮೂರೇ ಅಂಕಿ. ಮನೆಯಲ್ಲಿ ಟೇಬಲ್ ಫ್ಯಾನ್ ಹಾಕಿ, ಒಂದೇ ದೀಪದಲ್ಲಿ ಅದರ ರೆಕ್ಕೆಯ ಫೋಟೋ ತೆಗೆದು ನೋಡಿ. 1/30, 1/125, 1/250, 1/500 ಅಂತ ಏರಿಸುತ್ತಾ ಹೋದರೆ ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತದೆ.

ಹೊಸ ಲೆನ್ಸ್:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ನಿಕಾನ್ ಡಿ3500. ಇದೇ ಕೆಲಸಕ್ಕೆ 50 ಎಂಎಂ ಎಫ್ 1.8 ತಗೊಳ್ಳೋಣ ಅಂತಿದ್ದೇನೆ. ಹಳೆಯ ಎಎಫ್-ಡಿ ಮಾದರಿ ಕಮ್ಮಿ ಬೆಲೆಗೆ ಸಿಗುತ್ತಿದೆ. ಆಗುತ್ತಾ?

ರಾತ್ರಿಯಾಟ:
ಬೇಡ. ಡಿ3500ರ ಒಳಗೆ ಫೋಕಸ್ ಮೋಟಾರ್ ಇಲ್ಲ. ಎಎಫ್-ಡಿ ಲೆನ್ಸಿನಲ್ಲೂ ಇಲ್ಲ. ಎರಡೂ ಸೇರಿದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಕುಣಿತಕ್ಕೆ ಅದು ಆಗದ ಮಾತು. ಎಎಫ್-ಎಸ್ ಅಂತ ಬರೆದಿರುವುದನ್ನೇ ನೋಡಿ.

ಕಡಲತಡಿ ಅವರೇ, ಮುಂದೆ ದುಡ್ಡು ಕೂಡಿದಾಗ ನೀವೂ ಮೊದಲು 50 ಎಂಎಂ ಎಫ್ 1.8 ನೋಡಿ, ಕ್ಯಾನನ್‌ನ ಎಸ್‌ಟಿಎಂ ಮಾದರಿ. ಅಂಗಡಿಯವರು ಹೇಳುವ ದೊಡ್ಡ ಝೂಮ್‌ಗಳಿಗಿಂತ ಬಹಳ ಅಗ್ಗ, ತೂಕ 160 ಗ್ರಾಂ. 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಪೂರ್ತಿ ತೆರೆಯದೆ 2.8ರಲ್ಲಿ ಇಟ್ಟರೂ ಇದೇ 1/250ಕ್ಕೆ ಐಎಸ್‌ಒ 1600 ಸಾಕಾಗುತ್ತದೆ. ಒಂದೇ ತೊಂದರೆ, ಝೂಮ್ ಇಲ್ಲ. ನಿಮ್ಮ ಈಗಿನ ಲೆನ್ಸನ್ನು 50ಕ್ಕೆ ಝೂಮ್ ಮಾಡಿದಾಗ ಕಾಣುವಷ್ಟೇ ಹತ್ತಿರ ಅದು ತೋರಿಸುತ್ತದೆ. ಮುಖ, ಎದೆಯ ಮಟ್ಟಿಗೆ ಸರಿ. ಇಡೀ ರಂಗಸ್ಥಳಕ್ಕೆ ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸೇ ಬೇಕು.

ಕಡಲತಡಿ:
ಆಟಕ್ಕೆ ಹೋಗಿ ಬಂದೆ. ತುಂಬಾ ಥ್ಯಾಂಕ್ಸ್ ಸರ್. ಕಿಂಡಿಯ ಮಂಜು ಹೋಗಿದೆ. ಎಐ ಸರ್ವೊದಲ್ಲಿ ಒಂದು ಸಲವೂ ಕ್ಲಿಕ್ ನಿಲ್ಲಲಿಲ್ಲ. ಮಹಿಷಾಸುರ ಸಭೆಯ ನಡುವಿನಿಂದ ಬರುವಾಗ ಮಾತ್ರ ಕತ್ತಲು ಜಾಸ್ತಿ. ಅಲ್ಲಿ ಬಿಟ್ಟರೆ ವೇಷಗಳು ಚೂಪಾಗಿ ಬಂದಿವೆ, ಮುಖದ ಬಣ್ಣವೂ ಕಾಣುತ್ತದೆ.

ಆದರೆ ಹೊಸ ತೊಂದರೆ. ಕೆಲವು ಫೋಟೋಗಳಲ್ಲಿ ಅಡ್ಡಕ್ಕೆ ಮಸುಕು ಕಪ್ಪು ಪಟ್ಟಿ ಇದೆ. ಒಂದರ ಹಿಂದೆ ಒಂದು ತೆಗೆದದ್ದರಲ್ಲಿ ಒಂದು ಬೆಳಕು, ಒಂದು ಮಂಕು. ಒಂದನ್ನೂ ನಾನು ಬದಲಿಸಿರಲಿಲ್ಲ.

ರಾತ್ರಿಯಾಟ:
ಅದು ದೀಪದ ಕೆಲಸ. ನಮ್ಮ ಕರೆಂಟ್ 50 ಹರ್ಟ್ಸ್. ಕೆಲವು ಎಲ್‌ಇಡಿ, ಟ್ಯೂಬ್‌ಲೈಟ್‌ಗಳ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಈ ಕ್ಯಾಮೆರಾದಲ್ಲಿ 1/200 ದಾಟಿದ ಮೇಲೆ ಶಟರ್ ಒಮ್ಮೆಗೇ ಪೂರ್ತಿ ತೆರೆದುಕೊಳ್ಳುವುದಿಲ್ಲ. ಒಂದು ಸೀಳು ಸೆನ್ಸರ್ ಮೇಲೆ ಸರಿದು ಹೋಗುತ್ತದೆ. ಅದು ಸರಿಯುವಾಗಲೇ ಬೆಳಕು ಇಳಿದರೆ ಅಷ್ಟು ಭಾಗ ಪಟ್ಟಿಯಾಗುತ್ತದೆ. ಹಳೆಯ ಹ್ಯಾಲೊಜನ್ ದೀಪಗಳಲ್ಲಿ ತಂತಿ ಕಾದೇ ಇರುವುದರಿಂದ ಈ ಕಾಟ ಬಹಳ ಕಮ್ಮಿ.

ಅಂಥ ಕಡೆ ಶಟರನ್ನು 1/100ಕ್ಕೆ ಇಳಿಸಿ, ಐಎಸ್‌ಒ 3200 ಮಾಡಿ. ಒಂದು ಏರಿಳಿತ ಪೂರ್ತಿ ಒಳಗೆ ಬರುವುದರಿಂದ ಪಟ್ಟಿ ಹೋಗುತ್ತದೆ. 1/100ರಲ್ಲಿ ದಿಗಿಣ ನಿಲ್ಲುವುದಿಲ್ಲ. ಅಲ್ಲಿ ಕಿವಿ ಉಪಯೋಗಿಸಿ. ಮುಕ್ತಾಯದ ಪೆಟ್ಟು ಬೀಳುವಾಗ ವೇಷಧಾರಿ ಒಂದು ಕ್ಷಣ ಭಂಗಿಯಲ್ಲಿ ನಿಲ್ಲುತ್ತಾರೆ. ಆಟ ನೋಡಿ ಬೆಳೆದ ನಿಮಗೆ ಚೆಂಡೆ ಕೇಳಿದರೇ ಗೊತ್ತಾಗುತ್ತದೆ. ಪೆಟ್ಟಿಗೆ ಮೊದಲೇ ಬಟನ್ ಅರ್ಧ ಒತ್ತಿಹಿಡಿದಿರಿ, ನಿಂತಾಗ ಪೂರ್ತಿ ಒತ್ತಿ. ದಿಗಿಣವೇ ಬೇಕು ಅನ್ನುವಾಗ ಮತ್ತೆ 1/250, 6400ಕ್ಕೆ ಹೋಗಿ, ನಿರಂತರ ಕ್ಲಿಕ್ ಹಾಕಿಡಿ. ಸೆಕೆಂಡಿಗೆ ಮೂರು ಬರುತ್ತವೆ. ಪಟ್ಟಿ ಬಿದ್ದದ್ದನ್ನು ಅಳಿಸಿ, ಬೀಳದ್ದನ್ನು ಇಟ್ಟುಕೊಳ್ಳಿ.

ಮಹಿಷಾಸುರನ ಪ್ರವೇಶಕ್ಕೆ ಈ ಅಂಕಿ ಯಾವುದೂ ಹೊಂದುವುದಿಲ್ಲ. ಅಲ್ಲಿ ಇರುವುದು ದೊಂದಿಯ (ಪಂಜಿನ) ಬೆಂಕಿ ಬೆಳಕು. ಝೂಮ್ 18ಕ್ಕೆ ತಂದು, ಎಫ್ 3.5, 1/125, ಐಎಸ್‌ಒ 6400 ಇಟ್ಟು ದಾರಿಯ ಪಕ್ಕ ನಿಲ್ಲಿ. ದೊಂದಿಯವರಿಗೂ ಜನರಿಗೂ ಅಡ್ಡ ಆಗದ ಜಾಗ ಮೊದಲೇ ನೋಡಿಕೊಂಡಿರಿ.